ಒಡಲೊಳಗಿನ ಘಳಿಗೆ ಬಟ್ಟಲು

ಮದುವೆಯ ಮನೆಗಳಲ್ಲಿ ಮುಹೂರ್ತವನ್ನು ಅಳೆಯುವುದಕ್ಕೆ ಹಿಂದೆ ಘಳಿಗೆ ಬಟ್ಟಲನ್ನು ಇಡುತ್ತಿದ್ದ ಸಂಗತಿಯು ನಮ್ಮ ವಾಚಕರಲ್ಲಿ ಹಿರಿಯರಾದವರಿಗೆ ತಿಳಿದದ್ದೇ ಆಗಿದೆ. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ಮೆಲ್ಲಮೆಲ್ಲನೆ ತುಂಬಿ, ಒಂದು ಘಳಿಗೆಗೆ, ಎಂದರೆ 24 ನಿಮಿಷಗಳಿಗೆ, ಮುಳುಗುವುದು. ಮುಳುಗಿದೊಡನೆ ಅದನ್ನು ಎತ್ತಿ ಬರಿದುಮಾಡಿ ಮರಳಿ ತೇಲಬಿಡುವುದಕ್ಕೆ ಒಬ್ಬನು ಬಳಿಯಲ್ಲಿ ಕುಳಿತೇ ಇರಬೇಕು. ಅವನು ತೂಕಡಿಸಿದನೆಂದರೆ ಲೆಕ್ಕ ತಪ್ಪಿತು. ಇಂಥದೇ ಒಂದು ಬಟ್ಟಲು ನಮ್ಮೆಲ್ಲರ ಒಡಲೊಳಗೂ ಇದೆಯೆಂದೂ, ಅದನ್ನು ದಿನಕ್ಕೊಮ್ಮೆ ಸರಿಪಡಿಸುವ ಕಾವಲುಗಾರನು ಮುಂಜಾನೆಯ ಬೆಳಕೆಂದೂ ಈಚಿನ ಶಾಸ್ತ್ರಜ್ಞರು ಸ್ಥಿರಪಡಿಸಿರುವರು. ಈ ತಿಂಗಳು ಈ ವಿಷಯವನ್ನೇ ಎತ್ತಿಕೊಂಡುದಕ್ಕೆ ಕಾರಣವುಂಟು. ಮುತ್ತಿನಕೊಪ್ಪದ ಸುತ್ತಿನ ಎಷ್ಟೋ ಮನೆಗಳಲ್ಲಿ ಈ ಬಟ್ಟಲಿನ ಲೆಕ್ಕ ತಪ್ಪಿರುವುದನ್ನು ನಾವು ನೋಡುತ್ತಿದ್ದೇವೆ. ತಪ್ಪಿದ್ದು ಲೆಕ್ಕವೆಂಬುದನ್ನು ಅರಿಯದೆ ಮನೆಮಂದಿ ಒಬ್ಬರನ್ನೊಬ್ಬರು ದೂರುತ್ತಿರುವರು.

ಮೊದಲು ಗಿಡದ ಮಾತು. ನಮ್ಮ ತೋಟದ ಬದಿಗಳಲ್ಲಿ ಹಬ್ಬಿರುವ ಮುಟ್ಟಿದರೆ ಮುನಿಯು ಸಂಜೆಯಾಗುತ್ತಲೆ, ಯಾರೂ ಮುಟ್ಟದಿದ್ದರೂ, ಎಲೆಗಳನ್ನು ಮುಚ್ಚಿಕೊಳ್ಳುವುದನ್ನು ಮಕ್ಕಳೂ ಬಲ್ಲರು. 1729ರಲ್ಲಿ ಫ್ರಾನ್ಸ್ ದೇಶದ ದ ಮೇರಾನ್ ಎಂಬ ಜ್ಯೋತಿಶ್ಶಾಸ್ತ್ರಜ್ಞರು ಇಂಥದೇ ಬಗೆಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದರು. ಸೂರ್ಯದರ್ಶನವೇ ಇಲ್ಲದಿದ್ದರೂ ಅದು ಹಗಲಿನ ಹೊತ್ತಿಗೆ ಎಲೆಗಳನ್ನು ಬಿಚ್ಚಿ ಇರುಳಿಗೆ ಮುಚ್ಚುತ್ತಿತ್ತು. ಸೂರ್ಯನ ಸೇವಕನಂತೆ ತೋರುತ್ತಿದ್ದ ಗಿಡವು ತನ್ನೊಳಗೇ ಪಂಚಾಂಗವನ್ನಿಟ್ಟುಕೊಂಡಿತ್ತು.

ಆ ಪಂಚಾಂಗವನ್ನು ಬಿಡಿಸಿ ಓದುವುದಕ್ಕೆ ಮುಂದೆ ಎರಡೂವರೆ ಶತಮಾನಗಳೇ ಹಿಡಿದುವು. 1971ರಲ್ಲಿ ಅಮೆರಿಕಾದ ಕೊನೋಪ್ಕಾ, ಬೆಂಜರ್ ಎಂಬವರು ಬಾಳೆಯ ಹಣ್ಣಿಗೆ ಮುತ್ತುವ ಪುಟ್ಟ ನೊಣಗಳಲ್ಲಿ ಒಂದು ವಿಚಿತ್ರವನ್ನು ಕಂಡರು. ಒಂದೇ ವಂಶವಾಹಿಯ ದೋಷದಿಂದ ಕೆಲವು ನೊಣಗಳಿಗೆ ದಿನವೆಂಬುದು 19 ಗಂಟೆಗೇ ಮುಗಿಯುತ್ತಿತ್ತು, ಕೆಲವಕ್ಕೆ 28 ಗಂಟೆಯವರೆಗೆ ಎಳೆಯುತ್ತಿತ್ತು, ಇನ್ನು ಕೆಲವಕ್ಕೆ ಹಗಲಿರುಳುಗಳ ಲೆಕ್ಕವೇ ಇರಲಿಲ್ಲ. ಆ ವಂಶವಾಹಿಯು ಕೆಲಸಮಾಡುವ ಬಗೆಯನ್ನು ಹಾಲ್, ರಾಸ್‌ಬಾಶ್, ಯಂಗ್ ಎಂಬ ಮೂವರು ಬಿಡಿಸಿ ತೋರಿಸಿ 2017ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಜೀವಕೋಶದಲ್ಲಿ ಒಂದು ಪ್ರೋಟೀನು ಇರುಳೆಲ್ಲ ತೊಟ್ಟುತೊಟ್ಟಾಗಿ ಕೂಡುತ್ತ ಬರುವುದು. ತುಂಬಿದ ಮೇಲೆ ತನ್ನ ಉತ್ಪತ್ತಿಯನ್ನು ತಾನೇ ತಡೆಯುವುದು. ಆಮೇಲೆ ಕರಗಿ ಬರಿದಾಗಿ, ಮರಳಿ ಮೊದಲಾಗುವುದು. ನಮ್ಮ ತಾಮ್ರದ ಬಟ್ಟಲಿಗೂ ಇದಕ್ಕೂ ಏನು ಭೇದ!

ಮನುಷ್ಯರಲ್ಲಿ ಈ ಲೆಕ್ಕದ ಯಜಮಾನಿಕೆಯು ಮಿದುಳಿನ ತಳದಲ್ಲಿದೆ. ಎರಡು ಕಣ್ಣುಗಳ ನರಗಳು ಒಂದನ್ನೊಂದು ಹಾಯುವ ಎಡೆಯ ಮೇಲುಗಡೆಯಲ್ಲಿ, ಅಕ್ಕಿಯ ಕಾಳಿಗಿಂತಲೂ ಕಿರಿದಾದ ಜೋಡಿ ಗಂಟುಗಳಿವೆ. ಎರಡರಲ್ಲಿಯೂ ಸೇರಿ ಸುಮಾರು 20,000 ಜೀವಕೋಶಗಳು. ಅವು ಇರುವ ಸ್ಥಳವೇ ಅವುಗಳ ಕೆಲಸವನ್ನು ಹೇಳುವುದು. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿಯು ಅಲ್ಲಿಗೆ ನೆಟ್ಟಗೆ ಮುಟ್ಟುತ್ತದೆ. ದೇಹದ ಬಿಸಿ ಏರುವುದು ಇಳಿಯುವುದು, ರಕ್ತದೊತ್ತಡವು ಇರುಳಿನಲ್ಲಿ ತಗ್ಗುವುದು, ನಿದ್ರೆಗೆ ಸಹಾಯಕವಾದ ಮೆಲಟೋನಿನ್ ಎಂಬ ರಸವು ಕತ್ತಲಾದ ಮೇಲೆ ಸ್ರವಿಸುವುದು, ಇವೆಲ್ಲವೂ ಅಲ್ಲಿಯ ಅಪ್ಪಣೆಯಂತೆ ನಡೆಯುವುವು. ಬೆಳಕಿನ ಸುಳಿವೇ ಇಲ್ಲದಿದ್ದರೆ ಈ ಯಂತ್ರದ ದಿನವು ಸರಾಸರಿ 24 ಗಂಟೆ 11 ನಿಮಿಷಗಳಷ್ಟೆಂದು 1999ರಲ್ಲಿ ಅಳೆದಿರುವರು. ಹನ್ನೊಂದು ನಿಮಿಷವು ಅಲ್ಪವೆನ್ನಬಹುದು. ಸರಿಪಡಿಸುವವರಿಲ್ಲದೆ ಒಂದು ತಿಂಗಳು ಹಾಗೆಯೇ ಬಿಟ್ಟರೆ ಐದೂವರೆ ಗಂಟೆಗಳಾಗುವುದು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಯಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯಕುಮಾರ ಶರ್ಮರೂ ಅವರ ಶಿಷ್ಯರೂ ಅದೇ ಹಣ್ಣಿನ ನೊಣಗಳನ್ನು ಸಾಕಿ, ಮುಂಜಾನೆ ಕೋಶದಿಂದ ಹೊರಬೀಳುವುವನ್ನೇ ಒಂದು ಕಡೆಗೂ, ಸಂಜೆಗೆ ಹೊರಬೀಳುವುವನ್ನೇ ಮತ್ತೊಂದು ಕಡೆಗೂ ತಲೆತಲಾಂತರವಾಗಿ ಆರಿಸುತ್ತ ಬಂದರು. ಮುಂಜಾನೆಯವುಗಳ ಒಳಗಡಿಯಾರವು ಚುರುಕಾಯಿತು, ಸಂಜೆಯವುಗಳದು ನಿಧಾನವಾಯಿತು. ಬೇಗನೆ ಏಳುವುದೂ ತಡವಾಗಿ ಏಳುವುದೂ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದೆಂಬುದಕ್ಕೆ ಇದು ದೃಷ್ಟಾಂತವು. ಶರ್ಮರ ಗುರುಗಳಾದ ಎಂ. ಕೆ. ಚಂದ್ರಶೇಖರನ್ನರು ಅದಕ್ಕೂ ಹಿಂದೆ ಮಧುರೆಯ ಬಳಿಯ ಗುಹೆಗಳಲ್ಲಿ ಬಾವಲಿಗಳನ್ನು ಪರೀಕ್ಷಿಸಿದ್ದರು. ಬೆಳಕೇ ಹೋಗದ ಗುಹೆಯೊಳಗೆ ಪಂಜರದಲ್ಲಿಟ್ಟ ಬಾವಲಿಯು, ಸುತ್ತಲೂ ತನ್ನ ಬಳಗವು ಹೋಗಿಬರುತ್ತಿದ್ದರೆ ಅದರ ಹೊತ್ತಿಗೇ ತನ್ನ ಹೊತ್ತನ್ನು ಹೊಂದಿಸಿಕೊಳ್ಳುತ್ತಿತ್ತು; ಒಂಟಿಯಾದರೆ ಅದರ ಲೆಕ್ಕವು ದಿನದಿನಕ್ಕೆ ಸರಿಯುತ್ತ ಹೋಗುತ್ತಿತ್ತು. ಕೂಡಿಬಾಳುವ ಮನೆಯವರು ಈ ಬಾವಲಿಯ ಸಂಗತಿಯನ್ನು ಎರಡು ಬಾರಿ ಓದಬೇಕೆಂದು ನಮ್ಮ ಬಿನ್ನಹ.

ಪ್ರಯೋಗಶಾಲೆಯೇ ಬೇಕೆಂದಿಲ್ಲ. ಶಿವರಾತ್ರಿಯ ಜಾಗರಣೆಯನ್ನೂ ಇರುಳೆಲ್ಲ ನಡೆಯುವ ಬಯಲಾಟವನ್ನೂ ಕಂಡವರಿಗೆ ಇದರ ಅನುಭವವಿದೆ. ಮೂರು ನಾಲ್ಕು ಗಂಟೆಯ ಹೊತ್ತಿಗೆ ಎಂಥ ಭಕ್ತನಿಗೂ ಕತ್ತು ವಾಲುವುದು, ಚಳಿಯಾಗುವುದು. ದೇಹದ ಬಿಸಿಯು ಅತ್ಯಂತ ಕೆಳಗಿಳಿಯುವ ಹೊತ್ತು ಅದೇ. ಬೆಳಗಾದ ಮೇಲೆ, ಕಣ್ಣೆವೆ ಮುಚ್ಚದಿದ್ದರೂ, ಹೊಸ ಉತ್ಸಾಹ ಬಂದಂತಾಗುವುದು. ನಿದ್ರೆಯ ಸಾಲವು ತೀರಿರುವುದಿಲ್ಲ. ಗಡಿಯಾರವು ಹಗಲಿಗೆ ತಿರುಗಿರುವುದು, ಅಷ್ಟೆ.

ಇನ್ನು ನಮ್ಮ ಮಲೆನಾಡಿನ ತೊಡಕುಗಳು. ಮೊದಲನೆಯದು ಮಳೆ. ಆಷಾಢ ಶ್ರಾವಣಗಳಲ್ಲಿ ಸೂರ್ಯನು ವಾರಗಟ್ಟಲೆ ಕಾಣನು. ನಮ್ಮ ಹಳೆಯ ಮನೆಗಳ ನಡುಮನೆಯಲ್ಲಿ ಹಗಲೇ ದೀಪ ಬೇಕು. ಮಂಕು, ಹೊತ್ತಲ್ಲದ ಹೊತ್ತಿನ ನಿದ್ರೆ, ಇರುಳು ಎಚ್ಚರ ಇವು ಆ ತಿಂಗಳುಗಳ ಸಾಮಾನ್ಯ ದೂರುಗಳು. ಆದರೆ ಮೋಡ ಕವಿದಿದ್ದರೂ ಅಂಗಳದ ಬೆಳಕು ಒಳಮನೆಯ ದೀಪದ ಬೆಳಕಿಗಿಂತ ಹತ್ತಾರು ಪಾಲು ಹೆಚ್ಚಾಗಿರುವುದು. ಆದುದರಿಂದ ಬೆಳಗಿನ ಕಾಫಿಯನ್ನು ಒಲೆಯ ಮುಂದೆ ಕುಡಿಯುವ ಬದಲು ಜಗುಲಿಗೆ ತಂದು ಅರ್ಧ ಗಂಟೆ ಮಳೆಯನ್ನು ನೋಡುತ್ತ ಕುಳಿತರೆ ಕಣ್ಣಿನ ಮೂಲಕ ಬಟ್ಟಲಿನ ಕಾವಲುಗಾರನು ಒಳಹೊಕ್ಕಂತಾಯಿತು. ಇದಕ್ಕೆ ಕಾಸು ಖರ್ಚಿಲ್ಲ.

ಎರಡನೆಯದು ಅಡಿಕೆಯ ಸುಗ್ಗಿ. ಕೊಯ್ದ ಅಡಿಕೆಯು ಸುಲಿಯುವವರ ಅನುಕೂಲಕ್ಕಾಗಿ ಕಾದಿರುವುದಿಲ್ಲ. ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕುಳಿತು ಸುಲಿಯುತ್ತಿದ್ದ ಮನೆಗಳಲ್ಲಿ ಹಲವಕ್ಕೆ ಈಗ ಯಂತ್ರ ಬಂದಿದೆ. ಬೇಯಿಸುವ ಹಂಡೆಯ ಮುಂದಣ ಜಾಗರಣೆಯು ಇನ್ನೂ ಪೂರ್ತಿ ತಪ್ಪಿಲ್ಲ. ಇಂಥವರಿಗೆ ವಾಗ್ಭಟಾಚಾರ್ಯರು ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ದಯೆಯಿಂದ ಒಂದು ಲೆಕ್ಕವನ್ನು ಹೇಳಿದ್ದಾರೆ. ರೂಢಿಯಿಲ್ಲದ ಜಾಗರಣೆಯಾದರೆ ಎಷ್ಟು ಹೊತ್ತು ಎಚ್ಚರವಾಗಿದ್ದೆವೋ ಅದರ ಅರ್ಧದಷ್ಟನ್ನು ಮರುದಿನ ಬೆಳಗ್ಗೆ, ಉಣ್ಣುವುದಕ್ಕೆ ಮೊದಲು, ನಿದ್ರಿಸಬೇಕಂತೆ. ಮಧ್ಯಾಹ್ನ ಉಂಡು ಸಂಜೆಯವರೆಗೆ ಮಲಗುವ ನಮ್ಮ ಪದ್ಧತಿಗಿಂತ ಇದು ಮೇಲೆಂಬುದು ನಮ್ಮ ಮತ. ಹಗಲು ಬಹಳ ಹೊತ್ತು ಮಲಗಿದವನಿಗೆ ಆ ಇರುಳೂ ನಿದ್ರೆ ಹತ್ತದು.

ಆಚಾರ್ಯರ ಹೆಸರೆತ್ತಿದ ಮೇಲೆ ಇನ್ನೊಂದು ಮಾತನ್ನು ಆಡದಿರಲಾರೆವು. ಪರೀಕ್ಷೆ ಹತ್ತಿರ ಬಂದಿತೆಂದರೆ ಮಕ್ಕಳನ್ನು ಬ್ರಾಹ್ಮೀಮುಹೂರ್ತವೆಂದು ಹೇಳಿ ನಾಲ್ಕು ಗಂಟೆಗೆ ಎಬ್ಬಿಸುವ ತಂದೆಗಳಿರುವರು. ಬ್ರಾಹ್ಮೀಮುಹೂರ್ತವು ಮೊದಲಾಗುವುದು ಸೂರ್ಯೋದಯಕ್ಕೆ ನಾಲ್ಕು ಘಳಿಗೆ, ಎಂದರೆ 96 ನಿಮಿಷ, ಮುಂಚೆ. ನಮ್ಮ ದೇಶದ ಗಡಿಯಾರವು 82½ ಡಿಗ್ರಿ ಪೂರ್ವರೇಖಾಂಶದ ಸೂರ್ಯನನ್ನು ಅನುಸರಿಸುವುದು. ಮುತ್ತಿನಕೊಪ್ಪವು ಸುಮಾರು 75½ ಡಿಗ್ರಿಯಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯನು ಗಡಿಯಾರಕ್ಕಿಂತ ಸುಮಾರು 28 ನಿಮಿಷ ಹಿಂದೆ. ಪುಷ್ಯಮಾಸದಲ್ಲಿ ಇಲ್ಲಿ ಸೂರ್ಯೋದಯವು ಆರು ಗಂಟೆ ಐವತ್ತು ನಿಮಿಷದ ಸುಮಾರಿಗೆ ಆಗುವುದರಿಂದ ಬ್ರಾಹ್ಮೀಮುಹೂರ್ತವು ಐದೂಕಾಲಿನ ಹತ್ತಿರ ಬರುವುದು. ನಾಲ್ಕು ಗಂಟೆಯೆಂಬುದು ಶಾಸ್ತ್ರದಲ್ಲಿಲ್ಲ. ಯಾರೋ ಗಡಿಯಾರ ನೋಡಿ ಗೊತ್ತುಮಾಡಿದ್ದು. ಹದಿನೈದು ಹದಿನಾರು ವರ್ಷದ ಮಕ್ಕಳಲ್ಲಿಯಾದರೋ ಒಳಗಡಿಯಾರವು ಪ್ರಕೃತಿಯಿಂದಲೇ ತಡವಾಗಿ ಸರಿದಿರುವುದು; ಹತ್ತು ಗಂಟೆಯಾದರೂ ಅವರಿಗೆ ನಿದ್ರೆ ಬಾರದು, ಮತ್ತು ಎಂಟು ಗಂಟೆಗೆ ಕಡಮೆಯಿಲ್ಲದ ನಿದ್ರೆ ಅವರಿಗೆ ಬೇಕು. ಅಂಥ ಹುಡುಗನನ್ನು ಸೋಮಾರಿಯೆಂದು ನೀರೆರಚಿ ಎಬ್ಬಿಸಿದರೆ ಪುಸ್ತಕವು ತೆರೆದಿರುವುದು, ಮಿದುಳು ಮುಚ್ಚಿರುವುದು. ಮಲಗುವ ಮುನ್ನ ಕೈಯಲ್ಲಿ ಹಿಡಿಯುವ ಮೊಬೈಲಿನ ಬೆಳಕನ್ನು ತಪ್ಪಿಸುವುದು ಇದಕ್ಕಿಂತ ಉಪಯುಕ್ತವಾದ ಶಿಸ್ತು.

ಎಲ್ಲಕ್ಕಿಂತ ಕಠಿನವಾದದ್ದು ಇರುಳು ದುಡಿಯುವವರ ಪಾಡು. 2020ರ ಸಾಂಕ್ರಾಮಿಕದಿಂದ ಈಚೆಗೆ ಬೆಂಗಳೂರಿನ ಕಚೇರಿಗಳ ಕೆಲಸವನ್ನು ಊರಿನ ಮನೆಯಲ್ಲಿಯೇ ಕುಳಿತು ಮಾಡುವ ಮಕ್ಕಳುಂಟು. ಅಮೆರಿಕಾದ ಹಗಲಿಗೆ ಸರಿಯಾಗಿ ಇಲ್ಲಿ ಇರುಳೆಲ್ಲ ಎಚ್ಚರವಾಗಿದ್ದು ಬೆಳಗಿನ ಜಾವ ಮಲಗುವ ಮಗಳನ್ನು ತಾಯಿಯು ಒಂಬತ್ತಕ್ಕೆ ತಿಂಡಿಗೆ ಎಬ್ಬಿಸುವಳು, ಹನ್ನೊಂದಕ್ಕೆ ನೆಂಟರು ಬಂದರೆಂದು ಎಬ್ಬಿಸುವಳು, ಒಂದಕ್ಕೆ ಊಟಕ್ಕೆ ಎಬ್ಬಿಸುವಳು, ಎಲ್ಲವೂ ಪ್ರೀತಿಯಿಂದಲೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿಯು 2007ರಲ್ಲಿ, ದೇಹದ ಲಯವನ್ನು ಕೆಡಿಸುವ ರಾತ್ರಿಪಾಳಿಯನ್ನು ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗಬಲ್ಲವುಗಳ ಪಟ್ಟಿಗೆ ಸೇರಿಸಿತು. ಉದ್ಯೋಗವನ್ನು ಬಿಡಿರೆಂದು ಹೇಳುವ ಅಧಿಕಾರ ನಮಗಿಲ್ಲ. ಎಷ್ಟೋ ಮನೆಗಳ ಸಾಲವನ್ನು ಆ ಸಂಬಳವೇ ತೀರಿಸುತ್ತಿದೆ. ಅವಳು ಮಲಗುವ ಕೋಣೆಯ ಕಿಟಕಿಗೆ ದಪ್ಪನೆಯ ಕಪ್ಪು ಬಟ್ಟೆಯನ್ನು ಕಟ್ಟಿರಿ. ನಿದ್ರೆಯ ಹೊತ್ತು ದಿನಕ್ಕೊಂದಾಗದಂತೆ ನೋಡಿರಿ. ತಿಂಡಿ ಆರಿಹೋದರೆ ಹೋಗಲಿ, ಎದ್ದ ಮೇಲೆ ಬಿಸಿಮಾಡಿಕೊಡಬಹುದು. ಬಾವಲಿಯ ಬಳಗದಂತೆ, ಆ ಮನೆಯ ಸದ್ದು ಅಡಗುವ ಹೊತ್ತೂ ಏಳುವ ಹೊತ್ತೂ ಅವಳಿಗೆ ನೆರವಾಗುವಂತಿರಲಿ.

ನಮ್ಮ ವಯಸ್ಸಿನವರ ವಿಷಯವನ್ನು ಚಿಕ್ಕದಾಗಿ ಮುಗಿಸುವೆವು. ಮುಪ್ಪಿನಲ್ಲಿ ಗಡಿಯಾರವು ಮುಂದಕ್ಕೆ ಸರಿಯುವುದರಿಂದ ಎಂಟಕ್ಕೆ ತೂಕಡಿಕೆಯೂ ಮೂರಕ್ಕೆ ಎಚ್ಚರವೂ ಬರುವುದು ಸಹಜ. ಎಂಟಕ್ಕೆ ಮಲಗಿ ಮೂರಕ್ಕೆ ಎದ್ದವನು ಏಳು ಗಂಟೆ ನಿದ್ರೆ ಮಾಡಿರುವನು. ಅವನಿಗೆ ನಿದ್ರೆಯ ಗುಳಿಗೆ ಏತಕ್ಕೆ? ಸಂಜೆ ಬೆಳಕಿರುವಾಗ ಹೊರಗೆ ತಿರುಗಾಡಿ, ಐದರ ಕಾಫಿಯನ್ನು ಬಿಟ್ಟು, ಮಲಗುವುದನ್ನು ಹತ್ತಕ್ಕೆ ತಳ್ಳಿ ನೋಡಬಹುದು. ರಕ್ತದೊತ್ತಡದ ಗುಳಿಗೆಯನ್ನು ಬೆಳಗ್ಗೆ ನುಂಗಬೇಕೋ ಇರುಳಿಗೋ ಎಂದು ಕೇಳುವವರೂ ಉಂಟು. ಅದು ಗುಳಿಗೆಗೊಂದು, ರೋಗಿಗೊಂದು ಬಗೆ. ಬರೆದುಕೊಟ್ಟ ವೈದ್ಯರನ್ನು ಕೇಳದೆ ಹೊತ್ತನ್ನು ಬದಲಿಸಬಾರದು.