ಗೋಡೆಯಾಚೆಯ ಸಾವಿರ ಮೀಟರ್

1990ರಲ್ಲಿ ನಮ್ಮ ಕರ್ನಾಟಕ-ಆಂಧ್ರ ಗಡಿಸೀಮೆಯ ಜನ ವಿಮಾನದ ಬಗ್ಗೆ ಎರಡು ಸಲ ಮಾತಾಡಿದರು. ನವೆಂಬರಿನಲ್ಲಿ ಪುಟ್ಟಪರ್ತಿಯ ನಿಲ್ದಾಣ ತೆರೆಯಿತು. ಅದಕ್ಕೂ ಮುಂಚೆ, ಫೆಬ್ರವರಿ 14ರ ಮಧ್ಯಾಹ್ನ, ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯಬೇಕಿದ್ದ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ರನ್‌ವೇಗೆ ಇನ್ನೂ ಸುಮಾರು 700 ಮೀಟರ್ ಇರುವಾಗಲೇ ಗಾಲ್ಫ್ ಮೈದಾನಕ್ಕೆ ಬಡಿದು, ಒಡ್ಡಿಗೆ ತಾಗಿ, ಹೊತ್ತಿಕೊಂಡಿತು. ಒಳಗಿದ್ದ 146 ಜನರಲ್ಲಿ 92 ಮಂದಿ ಸತ್ತರು. ಅದು ಹೋಗಿ ನಿಂತದ್ದು ಜೌಗು, ಬಂಡೆ ಸೇರಿದ ನೆಲದಲ್ಲಿ. ಟನ್ನುಗಟ್ಟಲೆ ನೀರು ಹೊತ್ತ ಅಗ್ನಿಶಾಮಕ ವಾಹನ ನೇರವಾಗಿ ನುಗ್ಗಬಲ್ಲ ನೆಲ ಅದಲ್ಲ.

ಮೂವತ್ತೈದು ವರ್ಷ ದಾಟಿದೆ. 1953ರಲ್ಲಿ ರಾಯದುರ್ಗ ಆಂಧ್ರಕ್ಕೆ ಸೇರಿದರೂ ಅಲ್ಲಿನವರ ಓಡಾಟ ಬಳ್ಳಾರಿಯ ಕಡೆಗೇ ಉಳಿಯಿತು. ಈಗ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವೂ ಇದೆ. ಮಡಕಶಿರಾದವರಿಗೆ 2008ರಿಂದ ದೇವನಹಳ್ಳಿಯೇ ವಿಮಾನದ ಊರು. ಹಾಗಾಗಿ ಬೆಂಕಿ ಆರಿಸುವ ವಾಹನಗಳ ಈ ಲೆಕ್ಕ ನಮ್ಮ ಮನೆಯ ಲೆಕ್ಕವೂ ಹೌದು.

ವಾಹನಗಳು ಬೆಳೆದಿವೆ, ಅದರಲ್ಲಿ ಅನುಮಾನವಿಲ್ಲ. ದೊಡ್ಡ ನಿಲ್ದಾಣಗಳಲ್ಲಿ ಈಗ ಹತ್ತು ಸಾವಿರ ಲೀಟರಿಗೂ ಹೆಚ್ಚು ನೀರು ಹೊರುವ, ಆರು ಚಕ್ರಗಳಿಗೂ ಎಂಜಿನ್ ಬಲ ಸಿಗುವ, ಓಡುತ್ತಲೇ ನೊರೆ ಚಿಮ್ಮಿಸುವ ವಾಹನಗಳಿವೆ. ರನ್‌ವೇಯ ಯಾವ ಮೂಲೆಗಾದರೂ ಮೂರು ನಿಮಿಷದೊಳಗೆ ತಲುಪಬೇಕು, ಎರಡು ನಿಮಿಷಕ್ಕೇ ತಲುಪಿದರೆ ಉತ್ತಮ ಎಂಬುದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅಳತೆ. ದೊಡ್ಡ ವಾಹನ ನಿಂತಲ್ಲಿಂದ 40 ಸೆಕೆಂಡಿನಲ್ಲಿ ಗಂಟೆಗೆ 80 ಕಿ.ಮೀ. ವೇಗ ಮುಟ್ಟಬೇಕು. ಬೆಂಕಿ ವಿಮಾನದ ಹೊರಮೈ ಸುಟ್ಟು ಒಳನುಗ್ಗಲು ಕೆಲವೇ ನಿಮಿಷ ಸಾಕು. ಈ ಆತುರ ಬಂದದ್ದು ಅಲ್ಲಿಂದ.

ಆದರೆ ಆ ಅಳತೆಯೆಲ್ಲ ಡಾಂಬರಿನ ಮೇಲಿನದು, ಗೋಡೆಯೊಳಗಿನದು. ರನ್‌ವೇಯ ತುದಿಯಿಂದ 1000 ಮೀಟರ್‌ವರೆಗೆ ವಾಹನ ಹೋಗುವ ದಾರಿಯ ಬಗ್ಗೆ ವಿಶೇಷ ಗಮನ ಇರಲಿ ಎಂದು ಅದೇ ಸಂಸ್ಥೆ ಹೇಳುತ್ತದೆ, ಕಡೇಪಕ್ಷ ನಿಲ್ದಾಣದ ಎಲ್ಲೆಯವರೆಗಾದರೂ ಎಂಬ ರಿಯಾಯಿತಿಯೊಂದಿಗೆ. ನಮ್ಮ ಜನ ಸತ್ತದ್ದು ಆ ರಿಯಾಯಿತಿಯ ಆಚೆಗೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿತು. 166 ಜನರಲ್ಲಿ ಉಳಿದವರು ಎಂಟೇ ಮಂದಿ. ಅಲ್ಲಿಗೆ ವಾಹನಗಳು ಇಳಿಯಬೇಕಾದದ್ದು ಕಿರಿದಾದ, ಏರಿಳಿತದ ದಾರಿಯಲ್ಲಿ. ಗಾಲ್ಫ್ ಮೈದಾನದ ಬೆಂಕಿಗೂ ಈ ಬೆಂಕಿಗೂ ನಡುವೆ ಇಪ್ಪತ್ತು ವರ್ಷಗಳಿದ್ದವು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಬಿದ್ದ ವಿಮಾನದ ದಾಖಲೆ ಯಂತ್ರ ಮಧ್ಯಾಹ್ನ 1 ಗಂಟೆ 39 ನಿಮಿಷ 11 ಸೆಕೆಂಡಿಗೆ ನಿಂತಿತು. ಅಗ್ನಿಶಾಮಕ ವಾಹನ ನಿಲ್ದಾಣದ ಆವರಣ ಬಿಟ್ಟದ್ದು 1 ಗಂಟೆ 44 ನಿಮಿಷ 44 ಸೆಕೆಂಡಿಗೆ ಎಂದು ಪ್ರಾಥಮಿಕ ತನಿಖಾ ವರದಿ ಬರೆದಿದೆ. ಬಿದ್ದ ರಭಸಕ್ಕೆ ಆ ಅವಘಡದಲ್ಲಿ ನಿಮಿಷಗಳು ಹೆಚ್ಚಿನ ವ್ಯತ್ಯಾಸ ಮಾಡುತ್ತಿರಲಿಲ್ಲವೇನೋ. ಆದರೂ ಆ ಐದೂವರೆ ನಿಮಿಷದ ಅಂತರ ಗೋಡೆ ಎಂದರೇನು ಎಂಬುದನ್ನು ತೋರಿಸುತ್ತದೆ.

ಇನ್ನು ಚಾಲಕನ ಮಾತು. ಹತ್ತು ಸಾವಿರ ಲೀಟರ್ ಎಂದರೆ ಹತ್ತು ಟನ್ ನೀರು, ಅದೂ ಎತ್ತರದಲ್ಲಿ ಕೂತ ನೀರು. ತಿರುವಿನಲ್ಲಿ, ಮಳೆಗೆ ನೆನೆದ ಹುಲ್ಲಿನಲ್ಲಿ, ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಆ ನೀರು ಒಂದೇ ಪಕ್ಕಕ್ಕೆ ನುಗ್ಗಿದರೆ ವಾಹನ ಮಗುಚುತ್ತದೆ. ಬೆಂಕಿಯ ಬಳಿ ಬಂದ ಮೇಲೆ ಇನ್ನೊಂದು ಅಪಾಯ. 2013ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಮಾನ ಅಪಘಾತವಾದಾಗ ನೆಲದ ಮೇಲೆ ಬಿದ್ದಿದ್ದ ಹುಡುಗಿಯೊಬ್ಬಳ ಮೇಲೆ ರಕ್ಷಣೆಗೆ ಬಂದ ವಾಹನವೇ ಹರಿಯಿತು. 2022ರ ನವೆಂಬರಿನಲ್ಲಿ ಪೆರುವಿನ ಲಿಮಾದಲ್ಲಿ ನಡೆದದ್ದನ್ನಂತೂ ನಮ್ಮ ಪ್ರತಿ ನಿಲ್ದಾಣದಲ್ಲೂ ಪಾಠ ಮಾಡಬೇಕು: ಎಷ್ಟು ಬೇಗ ತಲುಪುತ್ತೇವೆಂದು ನೋಡುವ ಕವಾಯತಿನಲ್ಲಿದ್ದ ಅಗ್ನಿಶಾಮಕ ವಾಹನ, ವಿಮಾನ ಹಾರಲು ಓಡುತ್ತಿದ್ದ ರನ್‌ವೇಗೇ ನುಗ್ಗಿತು. ಇಬ್ಬರು ಅಗ್ನಿಶಾಮಕರು ಅಲ್ಲೇ ಸತ್ತರು, ಮೂರನೆಯವರು ತಿಂಗಳುಗಳ ನಂತರ. ಟವರಿನವರೂ ವಾಹನದವರೂ ಕವಾಯತನ್ನು ಒಟ್ಟಿಗೆ ಕೂತು ಯೋಜಿಸಿರಲಿಲ್ಲ. ರೇಡಿಯೊದಲ್ಲಿ ಆಡಿದ ಮಾತಿಗೆ ಒಬ್ಬೊಬ್ಬರಿಗೆ ಒಂದೊಂದು ಅರ್ಥವಾಗಿತ್ತು. ಬೇಗ ಹೋಗುವುದನ್ನು ಕಲಿಸಿ, ನಿಲ್ಲುವುದನ್ನು ಕಲಿಸದಿದ್ದರೆ ಆಗುವುದು ಇದೇ.

2020ರ ಆಗಸ್ಟ್ 7ರಂದು ಕೋಯಿಕ್ಕೋಡಿನ ವಿಮಾನ ಅಪಘಾತದಲ್ಲಿ 21 ಜನ ಸತ್ತಾಗ ಬೆಂಕಿ ಹತ್ತಲಿಲ್ಲ ಎಂಬುದೇ ಪುಣ್ಯ. ಅಲ್ಲಿನ ಅಗ್ನಿಶಾಮಕ ಸಿಬ್ಬಂದಿಗೆ ಆ ಮಾದರಿಯ ವಿಮಾನದ ಪರಿಚಯವೇ ಸಾಲದಾಗಿತ್ತು ಎಂದು ತನಿಖೆ ಹೇಳಿತು. ಹೊಸ ವಾಹನ ಬಂದಾಗ ಹಾರ ಹಾಕಿ ಫೋಟೊ ತೆಗೆಸಿಕೊಳ್ಳುವುದನ್ನು ಎಲ್ಲೆಡೆ ನೋಡುತ್ತೇವೆ. ಅದನ್ನು ಓಡಿಸುವವರ ತರಬೇತಿ ಸುದ್ದಿಯಾಗುವುದಿಲ್ಲ. ಮೂವತ್ತೈದು ವರ್ಷಗಳಲ್ಲಿ ದುಡ್ಡು ವಾಹನದ ಕಡೆಗೆ ಹರಿದಷ್ಟು ದಾರಿಯ ಕಡೆಗೆ, ಚಾಲಕನ ಕಡೆಗೆ ಹರಿಯಲಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಪೂರ್ಣ ಪ್ರಮಾಣದ ತುರ್ತು ಕವಾಯತು ಎರಡು ವರ್ಷಕ್ಕೊಮ್ಮೆಯಾದರೂ ನಡೆಯಬೇಕೆಂಬ ನಿಯಮವಿದೆ. ಪುಟ್ಟಪರ್ತಿ, ತೋರಣಗಲ್ಲು, ದೇವನಹಳ್ಳಿಗಳ ಮುಂದಿನ ಕವಾಯತು ಗೋಡೆಯೊಳಗೆ ಮುಗಿಯದಿರಲಿ. ವಾಹನಗಳು ಗೇಟು ದಾಟಿ ಹೊಲದ ದಾರಿಗೆ, ಕೆರೆ ಏರಿಗೆ ಇಳಿಯಲಿ. ಊರಿನ ಅಗ್ನಿಶಾಮಕ ಠಾಣೆಗಳನ್ನೂ ಕರೆಯಲಿ, ಗಡಿ ಅಡ್ಡ ಬಂದರೆ ಎರಡೂ ರಾಜ್ಯಗಳವರನ್ನು. ಮಡಕಶಿರಾದ ಹುಡುಗರಿಗೆ ಕನ್ನಡವೂ ತೆಲುಗೂ ಬರುತ್ತವೆ. ರೇಡಿಯೊ ಹಿಡಿದು ಎರಡೂ ಕಡೆಯವರ ನಡುವೆ ನಿಲ್ಲಬಲ್ಲವರು ಇಲ್ಲೇ ಇದ್ದಾರೆ. ಗೇಟಿನ ಕೀಲಿ ಯಾರ ಬಳಿ ಇತ್ತು, ಯಾವ ತಿರುವಿನಲ್ಲಿ ವಾಹನ ಸಿಕ್ಕಿಕೊಂಡಿತು, ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಕವಾಯತು ಮುಗಿದ ವಾರದೊಳಗೆ ಜಿಲ್ಲಾಧಿಕಾರಿಗಳ ಕಚೇರಿಗಳು ಜನರ ಮುಂದಿಡಲಿ.