ಭರತಿ, ಬೆರೆತಿ, ಚಪ್ಪಾಳೆ

“ಜಗತ್ತಿನ ಭಾಷೆಗಳಿಗೆಲ್ಲ ಸಂಸ್ಕೃತವೇ ತಾಯಿ.” ಶಾಲಾ ವಾರ್ಷಿಕೋತ್ಸವಗಳ ಮುಖ್ಯ ಅತಿಥಿಗಳಿಂದ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಮರುದಿನ ಅವರಿಗೆ ವ್ಯಾಕರಣ ಹೇಳಬೇಕಾದವಳು ನಾನು. ಸಂಸ್ಕೃತದ ಮೇಲೆ ನನಗೆ ಮುನಿಸಿಲ್ಲ. ಪುರಾವೆಯಿಲ್ಲದೆ ಗಿಟ್ಟಿಸುವ ಚಪ್ಪಾಳೆಯ ಮೇಲೆ ಇದೆ.

ಒಂದೇ ಒಂದು ಕ್ರಿಯಾಪದ ನೋಡೋಣ. ಐರ್ಲೆಂಡ್, ವೇಲ್ಸ್ ಕಡೆಯ ಐರಿಷ್, ವೆಲ್ಷ್ ಮುಂತಾದವು ಕೆಲ್ಟಿಕ್ ಭಾಷೆಗಳು. ಅವುಗಳ ಮೂಲಭಾಷೆಯಲ್ಲಿ ‘ಹೊರುತ್ತಾನೆ’, ‘ಹೊರುತ್ತಾಳೆ’ ಎರಡಕ್ಕೂ *ಬೆರೆತಿ ಎಂಬ ಒಂದೇ ರೂಪವಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಪದದ ಹಿಂದಿನ ಆ ನಕ್ಷತ್ರವನ್ನು ಗಮನಿಸಿ. ಇದು ಯಾವ ಬರಹದಲ್ಲೂ ಸಿಕ್ಕಿದ್ದಲ್ಲ, ನಾವು ಊಹಿಸಿ ಕಟ್ಟಿದ್ದು ಎಂದು ಅವರೇ ಒಪ್ಪಿ ಹಾಕುವ ಗುರುತು ಅದು. (ನಮ್ಮ ‘ಬೆರೆತು’ಗೂ ಇದಕ್ಕೂ ನಂಟಿಲ್ಲ. ಸದ್ದು ಹೋಲಿತೆಂದು ನಂಟು ಕಟ್ಟುವುದು ನಮ್ಮ ಅತಿಥಿಗಳ ಕಸುಬು.)

ಊಹೆ ಎಂದರೆ ಬಾಯಿಗೆ ಬಂದದ್ದಲ್ಲ. ಲ್ಯಾಟಿನ್ ಪುಸ್ತಕಗಳ ಸಾಲುಗಳ ನಡುವೆ ಐರಿಷ್ ಸಂನ್ಯಾಸಿಗಳು ಸಣ್ಣಕ್ಷರದಲ್ಲಿ ಬರೆದಿಟ್ಟ ಅರ್ಥಗಳಲ್ಲಿ ಅವರ ಹಳೆಯ ಭಾಷೆ ಉಳಿದಿದೆ. ಅವನ್ನೆಲ್ಲ ಸೋಸಿ ಝಾಯ್ಸ್ ಎಂಬ ಜರ್ಮನ್ ಪಂಡಿತ 1853ರಲ್ಲಿ ಕೆಲ್ಟಿಕ್ ವ್ಯಾಕರಣ ಬರೆದ. ಆ ಹಳೆಯ ಐರಿಷ್‌ನಲ್ಲಿ ‘ಬಿರು’ ಎಂದರೆ ಹೊರುತ್ತೇನೆ, ‘ಬೆರಿದ್’ ಎಂದರೆ ಹೊರುತ್ತಾಳೆ. ಇದೇ ಧಾತುವಿನಿಂದ ಬಂದ ಒಂದು ನಾಮಪದ ಐರಿಷ್‌ನಲ್ಲಿ ಹೆರಿಗೆಗೂ ಸಲ್ಲುತ್ತದೆ, ನ್ಯಾಯತೀರ್ಪಿಗೂ ಸಲ್ಲುತ್ತದೆ. ಸಂಸ್ಕೃತದಲ್ಲಿ ಈ ಧಾತು ‘ಭಾರ್ಯೆ’ಯನ್ನು ಕೊಟ್ಟಿತು, ಸಾಕಿಸಿಕೊಳ್ಳಬೇಕಾದವಳು ಎಂದರ್ಥ! ಯಾರನ್ನು ಯಾರು ಹೊರುತ್ತಾರೆಂದು ನೀವೇ ಹೇಳಿ.

ಇರಲಿ, ರೂಪಗಳಿಗೆ ಬರೋಣ. ಸಂಸ್ಕೃತದಲ್ಲಿ ಭರಸಿ, ಭರತಿ, ಭರಂತಿ. ಕೆಲ್ಟಿಕ್‌ನಲ್ಲಿ *ಬೆರೆಸಿ, *ಬೆರೆತಿ, *ಬೆರೊಂತಿ. ಒಂದೇ ಮನೆಯವರೆಂದು ಯಾರಿಗಾದರೂ ತಿಳಿಯುತ್ತದೆ. ಆದರೆ ತಾಯಿ ಮಗಳೇ? ‘ಭರತಿ’ಯ ರಕಾರದಲ್ಲಿ ಅಕಾರ, ‘ಭರಂತಿ’ಯಲ್ಲೂ ಅಕಾರವೇ. ಕೆಲ್ಟಿಕ್‌ನಲ್ಲಿ ಮೊದಲನೆಯದರಲ್ಲಿ ಎ, ಎರಡನೆಯದರಲ್ಲಿ ಒ. ಹಳೆಯ ಗ್ರೀಕಿನಲ್ಲೂ ಹೀಗೆಯೇ. ಸಂಸ್ಕೃತವೇ ತಾಯಿಯಾಗಿದ್ದರೆ, ಇಷ್ಟು ದೂರದ ಹೆಣ್ಣುಮಕ್ಕಳು ಒಂದೇ ಅಕಾರವನ್ನು ಎಲ್ಲಿ ಎ ಮಾಡಬೇಕು, ಎಲ್ಲಿ ಒ ಮಾಡಬೇಕು ಎಂದು ಕಾಗದ ಬರೆದು ಮಾತಾಡಿಕೊಂಡರೇ? ‘ಭರಾಮಿ’ಯ ‘ಮಿ’ ಕೂಡ ಆಮೇಲೆ ಸೇರಿದ್ದು. *ಬೆರೂ, ಗ್ರೀಕಿನ ‘ಫೆರೋ’ಗಳಲ್ಲಿ ಅದಿಲ್ಲ. ಭಕಾರದ ಉಸಿರನ್ನು ಸಂಸ್ಕೃತ ಕಾಪಾಡಿಕೊಂಡಿತು, ಕೆಲ್ಟಿಕ್ ಕಳೆದುಕೊಂಡಿತು. ಒಬ್ಬೊಬ್ಬಳು ಒಂದೊಂದು ಒಡವೆ ಉಳಿಸಿಕೊಂಡ ಅಕ್ಕತಂಗಿಯರು ಇವರು. ತಾಯಿ ಬೇರೆ, ಅವಳು ಈಗಿಲ್ಲ. ಇವರ ಮೂಲ ಬಹುಶಃ ಉಳಿದಿಲ್ಲವೆಂದು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲೇ ಹೇಳಿದ್ದ.

ಕನ್ನಡವಂತೂ ಈ ಮನೆಯದೇ ಅಲ್ಲ. ನಮ್ಮ ‘ಹೊರು’ ಹಳಗನ್ನಡದ ‘ಪೊಱು’, ದ್ರಾವಿಡ ಧಾತು. ತಮಿಳು, ತೆಲುಗು, ಕನ್ನಡಗಳು ಸಂಸ್ಕೃತದಿಂದ ಹುಟ್ಟಿದವಲ್ಲವೆಂದು ಮದರಾಸಿನ ಎಲ್ಲಿಸ್ ಬರೆದು ಅಚ್ಚಾದದ್ದು 1816ರಲ್ಲಿ. ಇನ್ನೂರು ವರ್ಷ ದಾಟಿದರೂ ಆ ಸುದ್ದಿ ನಮ್ಮ ವೇದಿಕೆಗಳಿಗೆ ತಲುಪಿಲ್ಲ.