ಅಂಗಳದ ನೀರು, ಬೀದಿಯ ಮೋರಿ

ಮಳೆಗಾಲವು ಸಮೀಪಿಸಿತೆಂದರೆ ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಮನೆಯುಳ್ಳವರ ಬಾಯಲ್ಲಿ ಒಂದೇ ಪ್ರಶ್ನೆ ಕೇಳಬರುವುದು: ಅಂಗಳಕ್ಕೆ ಎಂತಹ ಚರಂಡಿಯನ್ನು ಮಾಡಿಸಬೇಕು? ಶಿವಾಜಿನಗರದ ಹಳೆಯ ಮನೆಗಳವರು ಹೊಸ್ತಿಲನ್ನು ಇನ್ನೊಂದು ಗೇಣು ಎತ್ತರಿಸುವರು. ಇಂದಿರಾನಗರದವರು ಅಂಗಳಕ್ಕೆಲ್ಲ ಕಲ್ಲು ಹಾಸುವರು. ಕೃಷ್ಣರಾಜಪುರದ ಕಡೆಯ ಹೊಸ ಬಡಾವಣೆಗಳವರು ನೀರೆತ್ತುವ ಯಂತ್ರವನ್ನು ತಂದಿಟ್ಟುಕೊಳ್ಳುವರು. ಇದು ಮೇಸ್ತ್ರಿಗೂ ಮನೆಯೊಡೆಯನಿಗೂ ಸೇರಿದ ವ್ಯವಹಾರ, ಪತ್ರಿಕೆಯವರು ಚರ್ಚಿಸತಕ್ಕ ವಿಷಯವು ಇದರಲ್ಲೇನಿದೆ ಎಂದು ವಾಚಕರು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಇದು ಪೌರಾಡಳಿತದ ಪ್ರಶ್ನೆಯೇ ಸರಿ. ಒಬ್ಬನ ಅಂಗಳದಿಂದ ಹೊರಟ ನೀರು ಇನ್ನೊಬ್ಬನ ಅಡಿಗೆಮನೆಯನ್ನು ಹೊಗದಂತೆ ನೋಡಿಕೊಳ್ಳತಕ್ಕವರು ಯಾರೆಂಬುದು ಇತ್ಯರ್ಥವಾಗುವವರೆಗೂ, ಎಷ್ಟು ಹಣ ಚೆಲ್ಲಿ ಮಾಡಿಸಿದ ಚರಂಡಿಯಾದರೂ ಅರ್ಧ ಕೆಲಸವನ್ನಷ್ಟೇ ಮಾಡೀತು.

ಮೊದಲು ನೆಲದ ವಿಚಾರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರು ಎತ್ತರದಲ್ಲಿ ದಿಣ್ಣೆಯ ಮೇಲೆ ಕಟ್ಟಿದ ಪಟ್ಟಣ. ಪಕ್ಕದಲ್ಲಿ ದೊಡ್ಡ ನದಿಯಿಲ್ಲದುದರಿಂದ ನಮ್ಮ ಹಿರಿಯರು ಕಣಿವೆಗಳಲ್ಲಿ ಸಾಲುಗೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಮುಂದಿನದಕ್ಕೆ ಹರಿಯುವಂತೆ ಕಾಲುವೆಗಳನ್ನು ತೆಗೆದಿದ್ದರು. ದಂಡಿನ ಕಡೆಯ ನೀರು ಹಲಸೂರು ಕೆರೆಗೆ ಇಳಿದು, ಚಲ್ಲಘಟ್ಟದ ಕಣಿವೆಯ ದಾರಿಯಾಗಿ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಸೇರತಕ್ಕದ್ದು. ಅದಕ್ಕೂ ಉತ್ತರದ ನೀರು ಹೆಬ್ಬಾಳದ ಕಣಿವೆಯನ್ನು ಹಿಡಿದು ಅದೇ ನದಿಯ ಪಾತ್ರಕ್ಕೆ ಹೋಗುವುದು. ಮನೆಯು ಈ ಇಳಿಜಾರಿನಲ್ಲಿ ಎಲ್ಲಿ ನಿಂತಿದೆಯೆಂಬುದನ್ನು ತಿಳಿಯದೆ ಚರಂಡಿಯನ್ನು ಆರಿಸುವುದು ರೋಗವನ್ನು ಕೇಳದೆ ಔಷಧವನ್ನು ಕೊಂಡಂತೆ.

೧೮೦೯ರಲ್ಲಿ ದಂಡನ್ನು ಸ್ಥಾಪಿಸಿದ ಆಂಗ್ಲರಿಗೆ ಈ ನೆಲದ ಏರಿಳಿತವು ಚೆನ್ನಾಗಿ ತಿಳಿದಿತ್ತು. ಬಂಗಲೆಯ ವಿಶಾಲವಾದ ತೋಟವು ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಕುಡಿಯುತ್ತಿತ್ತು. ಆಗ ಬ್ಲಾಕ್‌ಪಳ್ಳಿಯೆನಿಸಿದ್ದ ಈಗಿನ ಶಿವಾಜಿನಗರದ ಇಕ್ಕಟ್ಟಾದ ಓಣಿಗಳ ಜನಕ್ಕೆ ಬೀದಿಬದಿಯ ಮೋರಿಯೊಂದೇ ಗತಿ. ೧೮೯೮ರಲ್ಲಿ ಪ್ಲೇಗು ಬಂದು ಜನರನ್ನು ಬಲಿತೆಗೆದುಕೊಂಡ ಮೇಲಲ್ಲವೇ ಅಧಿಕಾರಿಗಳಿಗೆ ಗಾಳಿ, ಬೆಳಕು, ಚರಂಡಿಗಳ ನೆನಪಾಗಿ, ಇಂದು ಪುಲಕೇಶಿನಗರವೆನ್ನುವ ಫ್ರೇಜರ್ ಪಟ್ಟಣದಂತಹ ವಿಸ್ತರಣೆಗಳು ಹುಟ್ಟಿದ್ದು! ಆದರೆ ಪರಕೀಯರ ಮೇಲಿನ ಆ ದೂರನ್ನು ಇಂದಿಗೂ ಹೇಳುತ್ತ ಕೂರುವುದು ಯುಕ್ತವಲ್ಲ. ೧೯೪೭ರಲ್ಲಿ ದಂಡು ಮೈಸೂರಿಗೆ ಮರಳಿತು. ೧೯೪೯ರಲ್ಲಿ ಎರಡು ಪೌರಸಭೆಗಳೂ ಕೂಡಿ ಒಂದೇ ಕಾರ್ಪೊರೇಷನ್ ಆಯಿತು. ಅಲ್ಲಿಂದೀಚೆಗೆ ಕೆರೆಗಳನ್ನು ತುಂಬಿದವರು ನಾವೇ. ದಂಡು ರೈಲುನಿಲ್ದಾಣದ ಬಳಿಯ ಮಿಲ್ಲರ್ ಕೆರೆಗಳಿದ್ದೆಡೆ ಕಟ್ಟಡಗಳೆದ್ದುವು. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ೨೦೨೧ರಲ್ಲಿ ಪ್ರಕಟವಾದ ಮಹಾಲೆಕ್ಕಪರಿಶೋಧಕರ ವರದಿಯಂತೆ, ಕೋರಮಂಗಲ ಕಣಿವೆಯಲ್ಲಿ ಹಿಂದಿನ ಶತಮಾನದ ಆದಿಯಲ್ಲಿ ಸುಮಾರು ೧೧೩ ಕಿಲೋಮೀಟರು ಇದ್ದ ಕಾಲುವೆಗಳು ೨೦೧೬-೧೭ರ ವೇಳೆಗೆ ಸುಮಾರು ೬೩ ಕಿಲೋಮೀಟರಿಗೆ ಇಳಿದಿದ್ದುವು. ಉಳಿದ ಐವತ್ತು ಕಿಲೋಮೀಟರು ಕಾಲುವೆಯ ಮೇಲೆ ಯಾರ ಯಾರ ಅಂಗಳಗಳಿವೆಯೋ!

ಇದರ ಫಲವನ್ನು ೨೦೨೨ರ ಸೆಪ್ಟೆಂಬರಿನಲ್ಲಿ ಲೋಕವೆಲ್ಲ ನೋಡಿತು. ಆ ತಿಂಗಳ ೪ರ ರಾತ್ರಿಯಿಂದ ೫ರ ಬೆಳಗಿನೊಳಗೆ ನಗರದಲ್ಲಿ ೧೩೧.೬ ಮಿಲಿಮೀಟರು ಮಳೆ ಬಿದ್ದು, ಯಮಲೂರು, ಸರ್ಜಾಪುರ ರಸ್ತೆಗಳ ಕಡೆಯ ಸಿರಿವಂತರು ದೋಣಿಗಳಲ್ಲಿಯೂ ಟ್ರಾಕ್ಟರುಗಳಲ್ಲಿಯೂ ಮನೆಬಿಟ್ಟು ಹೊರಟರು. ೨೦೨೫ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಬಡಾವಣೆಯು ಮುಳುಗಿತು. ಅಲ್ಲಿ ಮೇಲಿನಿಂದ ಬರುವ ರಾಜಕಾಲುವೆಯು ಅಗಲವಾಗಿದ್ದು, ರೈಲುಮಾರ್ಗದ ಅಡಿಯಲ್ಲಿರುವ ಮೋರಿಯ ಬಾಯಿ ಕಿರಿದಾಗಿದ್ದುದೇ ಮುಖ್ಯ ಕಾರಣವೆಂದು ಅಧಿಕಾರಿಗಳೇ ಒಪ್ಪಿಕೊಂಡರು. ಅಂತಹ ಸ್ಥಳದಲ್ಲಿ ಮನೆಯೊಡೆಯನು ತನ್ನ ಅಂಗಳಕ್ಕೆ ಏನು ಮಾಡಿಸಿದರೂ ನೀರು ಬೀದಿಯಿಂದ ಒಳಗೆ ಬರುವುದೇ ಹೊರತು ಅಂಗಳದಿಂದ ಬೀದಿಗೆ ಹೋಗದು.

ಹಾಗೆಂದು ಮನೆಯವರು ಕೈಕಟ್ಟಿ ಕುಳಿತಿರಬೇಕೆಂದು ನಾವು ಹೇಳುವುದಿಲ್ಲ. ಮೊದಲು ಲೆಕ್ಕವನ್ನು ಮಾಡಿನೋಡಲಿ. ಮೂವತ್ತು ನಲವತ್ತಡಿಯ ನಿವೇಶನದ ಮೇಲೆ ೧೦೦ ಮಿಲಿಮೀಟರು ಮಳೆ ಬಿದ್ದರೆ ಸುಮಾರು ೧೧,೦೦೦ ಲೀಟರು ನೀರಾಗುವುದು. ಬೇಸಗೆಯಲ್ಲಿ ಹಣ ಕೊಟ್ಟು ತರಿಸುವ ಟ್ಯಾಂಕರುಗಳಲ್ಲಿ ಹೆಚ್ಚುಕಡಮೆ ಎರಡರಷ್ಟು. ಅಷ್ಟನ್ನೂ ಒಂದು ರಾತ್ರಿಯಲ್ಲಿ ಎಲ್ಲಿಗೆ ಕಳುಹಿಸುವುದೆಂಬುದೇ ಪ್ರಶ್ನೆ.

ಎಲ್ಲಕ್ಕಿಂತ ಅಗ್ಗವಾದ ಉಪಾಯವೂ ಎಲ್ಲರೂ ಮರೆಯುವ ಉಪಾಯವೂ ಒಂದೇ: ನಮ್ಮ ಮೇಸ್ತ್ರಿಗಳು ವಾಟವೆನ್ನುವ ಇಳಿಜಾರು. ಮಣ್ಣಿನ ಅಂಗಳವು ಗೋಡೆಯಿಂದ ಮೊದಲ ಹತ್ತಡಿಗಳಲ್ಲಿ ಅರ್ಧ ಅಡಿಯಷ್ಟು ಇಳಿಯಬೇಕೆಂದು ಅಮೆರಿಕದ ಕಟ್ಟಡ ನಿಯಮಗಳು ಹೇಳುತ್ತವೆ. ನಮ್ಮ ಸಣ್ಣ ನಿವೇಶನಗಳಲ್ಲಿ ಗೋಡೆಗೂ ಬೇಲಿಗೂ ನಡುವೆ ಮೂರು ನಾಲ್ಕಡಿ ಇದ್ದರೆ ಪುಣ್ಯ. ಅಷ್ಟರಲ್ಲಿಯೂ ಕಲ್ಲುಹಾಸಿದ ನೆಲಕ್ಕೆ ನಾಲ್ಕಡಿಗೆ ಒಂದಂಗುಲದ ವಾಟವಿದ್ದರೆ ನೀರು ತಳಪಾಯವನ್ನು ಬಿಟ್ಟು ಹೊರಕ್ಕೆ ಹರಿಯುವುದು. ಮೇಸ್ತ್ರಿಗೆ ಕೂಲಿಯನ್ನು ಕೊಡುವ ಮೊದಲು ಗೋಡೆಯ ಬುಡದಲ್ಲಿ ನಾಲ್ಕು ಬಿಂದಿಗೆ ನೀರನ್ನು ಸುರಿದು, ಅದು ಎತ್ತ ಹೋಗುವುದೆಂದು ನೋಡಿಕೊಂಡರೆ ಮುಂದೆ ಗೋಡೆಯ ಗಾರೆಯುದುರುವ ಕಷ್ಟ ಎಷ್ಟೋ ತಪ್ಪುವುದು. ಬೇಲಿಯ ಬದಿಯಲ್ಲಿ ನೀರನ್ನು ಒಯ್ಯುವ ಕಾಲುವೆಯು ತೆರೆದದ್ದಾಗಿರಲಿ, ಅಥವಾ ಎತ್ತಿ ಇಡಬಹುದಾದ ಚಪ್ಪಡಿಯ ಮುಚ್ಚಳವುಳ್ಳದ್ದಾಗಿರಲಿ. ನೆಲದಡಿಯ ಕೊಳವೆಯು ನೋಟಕ್ಕೆ ಚೆಲುವಾಗಿದ್ದರೂ ಎಲೆಕಸ ಸಿಕ್ಕಿಕೊಂಡುದು ಮನೆಯೊಳಕ್ಕೆ ನೀರು ಬಂದಮೇಲಲ್ಲದೆ ತಿಳಿಯದು.

ಈಚೆಗೆ ಗುತ್ತಿಗೆದಾರರು ಫ್ರೆಂಚ್ ಡ್ರೇನ್ ಎಂಬುದನ್ನು ಬಹಳವಾಗಿ ಹೊಗಳುತ್ತಿದ್ದಾರೆ. ಕಂದಕವನ್ನು ತೋಡಿ, ಜಲ್ಲಿಯನ್ನು ತುಂಬಿ, ನಡುವೆ ರಂಧ್ರಗಳುಳ್ಳ ಕೊಳವೆಯನ್ನಿಟ್ಟು ಮುಚ್ಚುವ ಕ್ರಮವದು. ಫ್ರಾನ್ಸ್ ದೇಶಕ್ಕೂ ಅದಕ್ಕೂ ಸಂಬಂಧವೇನಿಲ್ಲ. ಹೊಲಗಳ ಜೌಗನ್ನು ಬಸಿಯುವ ವಿಷಯದಲ್ಲಿ ೧೮೫೯ರಲ್ಲಿ ಗ್ರಂಥವನ್ನು ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಎಂಬವರಿಂದ ಬಂದ ಹೆಸರು. ಹೊಲಕ್ಕೂ ಇಳಿಜಾರಾದ ತೋಟಕ್ಕೂ ಅದು ಉತ್ತಮವಾದುದೇ. ಆದರೆ ಕೊಳವೆಯ ಕೊನೆಯು ಅಂಗಳಕ್ಕಿಂತ ತಗ್ಗಾದ ಜಾಗದಲ್ಲಿ ತೆರೆದುಕೊಳ್ಳದಿದ್ದರೆ ಅದು ನೀರನ್ನು ಬಚ್ಚಿಟ್ಟುಕೊಂಡ ಕಲ್ಲಿನ ಗುಂಡಿಯಾಗಿ ತಳಪಾಯವನ್ನೇ ನೆನೆಸೀತು. ಹಳೆಯ ಕೆರೆಯಂಗಳದ ಗೋಡುಮಣ್ಣಿನಲ್ಲಾದರೆ, ಸೋಸುವ ಬಟ್ಟೆಯನ್ನು ಸುತ್ತದ ಕೊಳವೆಯು ಕೆಲವೇ ಮಳೆಗಾಲಗಳಲ್ಲಿ ಹೂಳಿನಿಂದ ಕಟ್ಟಿಹೋಗುವುದು.

ಇಂಗುಬಾವಿಯ ಮಾತು ಬೇರೆ. ೨೦೦೯ರ ಕಾಯಿದೆಯ ತಿದ್ದುಪಡಿಯಂತೆ ೨,೪೦೦ ಚದರಡಿ ಮತ್ತು ಮೇಲ್ಪಟ್ಟ ನಿವೇಶನಗಳ ಹಳೆಯ ಮನೆಗಳಿಗೂ, ೧,೨೦೦ ಚದರಡಿ ಮತ್ತು ಮೇಲ್ಪಟ್ಟ ನಿವೇಶನಗಳ ಹೊಸ ಮನೆಗಳಿಗೂ ಮಳೆಯ ನೀರಿನ ಕೊಯ್ಲನ್ನು ಜಲಮಂಡಲಿಯು ಕಡ್ಡಾಯಮಾಡಿತು. ದಂಡವನ್ನು ತಪ್ಪಿಸಿಕೊಳ್ಳಲಿಕ್ಕೆಂದು ಹೆಸರಿಗೊಂದು ಪೀಪಾಯಿಯನ್ನಿಟ್ಟು ಕೈತೊಳೆದುಕೊಂಡ ಮನೆಗಳು ಎಷ್ಟೋ ಇವೆ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಯಲ್ಲಿ ಸುಮಾರು ೪,೦೦೦ ಲೀಟರು ನಿಲ್ಲುವುದು. ದಿಣ್ಣೆಯ ಕೆಮ್ಮಣ್ಣಾದರೆ ಮಳೆ ಸುರಿಯುತ್ತಿರುವಾಗಲೇ ಅದು ಇಂಗತೊಡಗುವುದು. ಈ ಕಸುಬನ್ನು ತಲೆತಲಾಂತರದಿಂದ ಬಲ್ಲ ಮಣ್ಣುವಡ್ಡರು ನಗರದ ಸುತ್ತ ಇನ್ನೂ ಇದ್ದಾರೆ. ಕೆಲಸವನ್ನು ಅವರಿಗೆ ಕೊಡುವುದು ಮೇಲು. ಬಾವಿಯು ತಳಪಾಯದಿಂದ ಆದಷ್ಟು ದೂರವಿರಬೇಕು. ಕಣಿವೆಯ ತಳದಲ್ಲಿ ಮಾತ್ರ ಇದನ್ನು ನಂಬುವಂತಿಲ್ಲ: ಮಳೆಗಾಲದಲ್ಲಿ ಅಲ್ಲಿಯ ನೆಲವೇ ತುಂಬಿರುವುದು. ಎರಡಡಿ ಗುಂಡಿಯನ್ನು ತೋಡಿ ನೀರನ್ನು ತುಂಬಿ, ಮರುದಿನ ಬಂದು ನೋಡಿದರೆ ಸಂಗತಿ ತಾನಾಗಿ ತಿಳಿಯುವುದು. ನೀರು ಹಾಗೆಯೇ ನಿಂತಿದ್ದರೆ ಬಾವಿಗೆ ಹಣ ಹಾಕುವುದು ವ್ಯರ್ಥ. ಮನೆಯ ನೆಲವನ್ನು ಎತ್ತರಿಸುವುದು, ನೀರು ಹಿಂದಕ್ಕೆ ನುಗ್ಗದಂತೆ ಕೊಳವೆಗೆ ಕವಾಟವನ್ನು ಹಾಕಿಸುವುದು, ಇವೇ ಉಳಿದ ದಾರಿಗಳು. ಅಂತಹ ಜಾಗದಲ್ಲಿ ನೆಲಮಾಳಿಗೆಯನ್ನಂತೂ ಕಟ್ಟಲೇಬಾರದು. ೨೦೨೫ರ ಮೇ ತಿಂಗಳಲ್ಲಿ ಇದೇ ನಗರದ ಬಿ.ಟಿ.ಎಂ. ಬಡಾವಣೆಯಲ್ಲಿ ನೆಲಮಾಳಿಗೆಯ ಮಳೆನೀರನ್ನು ಯಂತ್ರದಿಂದ ಹೊರಹಾಕುವಾಗ ವಿದ್ಯುತ್ತು ತಗುಲಿ ಒಬ್ಬ ವೃದ್ಧರೂ ಹನ್ನೆರಡು ವರ್ಷದ ಬಾಲಕನೂ ಪ್ರಾಣಬಿಟ್ಟರು.

ಇವೆಲ್ಲಕ್ಕೂ ಸುಲಭವೆಂದು ಬಹುಜನರು ಹಿಡಿದಿರುವ ಇನ್ನೊಂದು ಮಾರ್ಗವುಂಟು: ಮಹಡಿಯ ಮಳೆಯ ಕೊಳವೆಯನ್ನು ಒಳಚರಂಡಿಗೆ ಸೇರಿಸಿಬಿಡುವುದು. ನಿಯಮವು ಇದನ್ನು ನಿಷೇಧಿಸಿದೆ. ವಿದ್ಯಾವಂತರೂ ಅಧಿಕಾರದಲ್ಲಿರುವವರೂ ಇದನ್ನೇ ಮಾಡುತ್ತಾರೆ. ಮಲಿನೋದಕವನ್ನು ಒಯ್ಯಲು ಹಾಕಿದ ಕೊಳವೆಯು ಮಳೆಯನ್ನು ತಾಳಲಾರದೆ, ಇಳಿಜಾರಿನ ಕೆಳಗಡೆಯ ಬೀದಿಯಲ್ಲಿ ಮುಚ್ಚಳವನ್ನು ಎತ್ತಿಕೊಂಡು ಉಕ್ಕುವುದು. ಮೇಲಿನ ಬೀದಿಯವರ ಮಳೆಯು ಕೆಳಗಿನ ಓಣಿಯ ಬಡವರ ಬಚ್ಚಲಿನಲ್ಲಿ ಹೊಲಸಾಗಿ ಏಳುವುದೆಂದರೆ ಇದಕ್ಕಿಂತ ಕೆಟ್ಟ ನೆರೆಹೊರೆ ಯಾವುದು? ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಿ ನೀರನ್ನು ಬೀದಿಗೆ ನೂಕುವವರೂ ಇವರ ದಾಯಾದಿಗಳೇ.

ಇನ್ನು ಪಾಲಿಕೆಗಳ ಪಾಲು. ಶಿವಾಜಿನಗರ, ಹಲಸೂರುಗಳ ಹಳೆಯ ಬೀದಿಗಳಲ್ಲಿ ನಡೆದುನೋಡಿದವರಿಗೆ ಹೊಸ್ತಿಲು ಬೀದಿಗಿಂತ ತಗ್ಗಿನಲ್ಲಿರುವ ಮನೆಗಳು ಕಾಣದಿರವು. ಮನೆಯು ಕುಸಿದುದಲ್ಲ, ಬೀದಿಯು ಏರಿದುದು. ಹಳೆಯ ಡಾಮರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸತನ್ನು ಸುರಿಯುವುದರಿಂದ, ಬೀದಿಯು ಎತ್ತರವಾದಂತೆ ಪಕ್ಕದ ಮೋರಿಯ ಬಾಯಿ ಮುಚ್ಚಿ, ನೀರಿಗೆ ಮನೆಯ ಬಾಗಿಲೇ ದಾರಿಯಾಗುವುದು. ಗುತ್ತಿಗೆದಾರನಿಗೆ ಬಿಲ್ಲು ಪಾವತಿಯಾಗುತ್ತದೆ. ಮನೆಯವನು ತನ್ನ ಖರ್ಚಿನಿಂದ ಹೊಸ್ತಿಲಿಗೆ ಇಟ್ಟಿಗೆ ಕಟ್ಟಿಸುತ್ತಾನೆ. ಕೇಳುವ ಪ್ರತಿನಿಧಿಯಾದರೂ ಇದ್ದನೇ? ೨೦೨೦ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಬಳಿಕ, ೨೦೨೫ರಲ್ಲಿ ಆ ಮಹಾನಗರಪಾಲಿಕೆಯೇ ಐದಾಗಿ ಒಡೆಯುವವರೆಗೂ ಅಲ್ಲಿ ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ. ಸ್ವರಾಜ್ಯವನ್ನು ಪಡೆದ ದೇಶದ ಇಷ್ಟು ದೊಡ್ಡ ನಗರಕ್ಕೆ ಇದು ಶೋಭಿಸುವ ಮಾತಲ್ಲ.

ಐದಾಗಿ ಒಡೆದುದರಿಂದ ಹೊಸದೊಂದು ತೊಡಕೂ ಹುಟ್ಟಿದೆ. ಶಿವಾಜಿನಗರವೂ ಹಲಸೂರೂ ಕೇಂದ್ರ ಪಾಲಿಕೆಗೆ ಸೇರಿದುವು. ಅವುಗಳ ನೀರು ಇಳಿದುಹೋಗುವ ಬೆಳ್ಳಂದೂರು ಪೂರ್ವ ಪಾಲಿಕೆಗೆ ಸೇರಿತು. ನೀರಿಗೆ ಈ ಗಡಿಯ ಪರಿಜ್ಞಾನವಿಲ್ಲ. ಆದಕಾರಣ ಎರಡು ಪಾಲಿಕೆಗಳ ಇಂಜಿನಿಯರರೂ ಒಟ್ಟಿಗೆ ಕುಳಿತು ಹಲಸೂರು ಕೆರೆಯ ಕೋಡಿಯಿಂದ ಬೆಳ್ಳಂದೂರಿನವರೆಗೆ ಒಂದೇ ನಕ್ಷೆಯನ್ನು ತಯಾರಿಸಿ, ಪ್ರತಿಯೊಂದು ಬೀದಿಯ ಮಟ್ಟವನ್ನೂ ಮೋರಿಯ ತಳದ ಮಟ್ಟವನ್ನೂ ಅದರಲ್ಲಿ ಗುರುತಿಸಿ ವಾರ್ಡು ಕಚೇರಿಗಳಲ್ಲಿ ತೂಗುಹಾಕಬೇಕು. ಆ ಮಟ್ಟವನ್ನು ಮೀರಿ ಡಾಮರು ಹಾಕಿದ ಗುತ್ತಿಗೆದಾರನ ಬಿಲ್ಲನ್ನು ತಡೆಹಿಡಿಯಬೇಕು. ಮನೆಯೊಡೆಯನು ತನ್ನ ಅಂಗಳದ ಕಾಲುವೆಯನ್ನು ಎಷ್ಟು ಎತ್ತರದಲ್ಲಿ ಬೀದಿಗೆ ಬಿಡಬೇಕೆಂಬುದನ್ನು ಆ ನಕ್ಷೆಯನ್ನು ನೋಡಿಯೇ ನಿಶ್ಚಯಿಸಬಹುದು. ಈ ಕೆಲಸವು ಮುಂಗಾರಿಗೆ ಮೊದಲೇ ಆಗತಕ್ಕದ್ದು.